ಕಬ್ಬಿಣದ ಬಟ್ಟಲು ಮತ್ತು 48 ಗಂಟೆಯ ಲೆಕ್ಕ

ಆಫೀಸಿನಲ್ಲಿ ಕೂತಲ್ಲೇ ಒಬ್ಬರು ಕುಸಿದು ಬೀಳುತ್ತಾರೆ. ವಯಸ್ಸು ಮೂವತ್ತೋ ಮೂವತ್ತೈದೋ. ಪಕ್ಕದವರು ಆಂಬುಲೆನ್ಸ್ ಕರೆಸುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲ ಸಲ ನೋಡಿ ಚೀಟಿಯಲ್ಲಿ ಸಮಯ ಬರೆಯುತ್ತಾರೆ. ವೆಂಟಿಲೇಟರ್ ಹಾಕುತ್ತಾರೆ. ಸುದ್ದಿ ತಿಳಿದ ಅಪ್ಪ ಅಮ್ಮ ಊರಲ್ಲಿ ರೈಲು ಹತ್ತುತ್ತಾರೆ.

ಇಲ್ಲಿಯವರೆಗೆ ಇದು ಬೆಂಗಳೂರಿನಲ್ಲೂ ನಡೆಯಬಹುದಾದ ಕಥೆ. ಆದರೆ ಚೀನಾದಲ್ಲಿ ಇಲ್ಲಿಂದ ಮುಂದೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಡಾಕ್ಟರು ಆ ಚೀಟಿಯಲ್ಲಿ ಬರೆದ ಸಮಯದಿಂದ 48 ಗಂಟೆಯ ಲೆಕ್ಕ.

ಅಲ್ಲಿನ ಕೆಲಸದ ಅಪಘಾತ ವಿಮೆಯ ನಿಯಮ ಜಾರಿಗೆ ಬಂದಿದ್ದು 2004ರ ಜನವರಿಯಲ್ಲಿ. ಅದರ 15ನೇ ಕಲಮಿನ ಪ್ರಕಾರ, ಕೆಲಸದ ಹೊತ್ತಿನಲ್ಲಿ, ಕೆಲಸದ ಜಾಗದಲ್ಲಿ ದಿಢೀರನೆ ಕಾಯಿಲೆ ಬಿದ್ದು ಅಲ್ಲೇ ಸತ್ತರೆ, ಅಥವಾ ಉಳಿಸಲು ಮಾಡಿದ ಪ್ರಯತ್ನ ಫಲಿಸದೆ 48 ಗಂಟೆಯೊಳಗೆ ಸತ್ತರೆ, ಅದನ್ನು ಕೆಲಸದಿಂದಾದ ಸಾವು ಎಂದು ಪರಿಗಣಿಸುತ್ತಾರೆ. ಆಗ ಕುಟುಂಬಕ್ಕೆ ಒಂದೇ ಸಲಕ್ಕೆ ಸಿಗುವ ಹಣ, ಹಿಂದಿನ ವರ್ಷ ಚೀನಾದ ಪಟ್ಟಣವಾಸಿಗಳ ತಲಾ ಆದಾಯ ಎಷ್ಟಿತ್ತೋ ಅದರ 20 ಪಟ್ಟು. 2024ರಲ್ಲಿ ಆ ತಲಾ ಆದಾಯ 54,188 ಯುವಾನ್. ಹಾಗಾಗಿ 2025ರಲ್ಲಿ ಹೀಗೆ ಸತ್ತವರ ಮನೆಗೆ 10,83,760 ಯುವಾನ್. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ರೂಪಾಯಿ.

ಸಾವು 49ನೇ ಗಂಟೆಗೆ ಬಂದರೆ? ಅದು ಸಾಮಾನ್ಯ ಕಾಯಿಲೆಯ ಸಾವು. ಪಿಂಚಣಿ ವಿಮೆಯಿಂದ ಶವಸಂಸ್ಕಾರಕ್ಕೆ ಒಂದಿಷ್ಟು, ಮನೆಯವರಿಗೆ ಒಂದಿಷ್ಟು. ಎರಡನ್ನೂ ಸೇರಿಸಿದರೂ ಮೊದಲಿನ ಮೊತ್ತದ ಹತ್ತನೇ ಒಂದು ಭಾಗದ ಆಸುಪಾಸಿಗೆ ಬಂದರೆ ಅದೇ ಜಾಸ್ತಿ. ಸ್ವಲ್ಪ ವರ್ಷ ಮಾತ್ರ ಕಂತು ಕಟ್ಟಿದ ಹುಡುಗರಿಗೆ ಅಷ್ಟೂ ಸಿಗುವುದಿಲ್ಲ.

ಈಗ ಐಸಿಯು ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿರುವ ಆ ಅಪ್ಪ ಅಮ್ಮನನ್ನು ನೆನೆಸಿಕೊಳ್ಳಿ. ಮಗನ ಮೆದುಳು ಸತ್ತಿದೆ ಎಂದು ಡಾಕ್ಟರು ಮೆತ್ತಗೆ ಹೇಳಿದ್ದಾರೆ. ಆದರೆ ಚೀನಾದ ಕಾನೂನಿನಲ್ಲಿ ಮೆದುಳಿನ ಸಾವು ಇನ್ನೂ ಸಾವಲ್ಲ, ಎದೆಬಡಿತ ನಿಲ್ಲಬೇಕು. ವೆಂಟಿಲೇಟರ್ ಇದ್ದರೆ ಅದು ಮೂರು ದಿನವೂ ನಿಲ್ಲದಿರಬಹುದು. ಪವಾಡಕ್ಕಾಗಿ ಕಾಯಬೇಕಾ, ಸೊಸೆ ಮೊಮ್ಮಗುವಿನ ಮುಂದಿನ ಜೀವನ ನೋಡಬೇಕಾ? ಗೋಡೆ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಇಂಥ ಎಷ್ಟೋ ಪ್ರಕರಣ ಕೋರ್ಟಿಗೆ ಹೋಗಿವೆ. ಗಡುವು ದಾಟಿದ್ದರೂ ಕೆಲವು ಕೋರ್ಟುಗಳು ಕುಟುಂಬದ ಪರ ನಿಂತಿವೆ, ಕೆಲವು ನಿಂತಿಲ್ಲ.

ಈ ನಿಯಮ ಮಾಡಿದವರು ಕಟುಕರೇನಲ್ಲ. ಕಾಯಿಲೆಗೂ ಕೆಲಸಕ್ಕೂ ಸಂಬಂಧ ಇದೆ ಎಂದು ಕುಟುಂಬ ಸಾಬೀತು ಮಾಡಬೇಕಾದ ಕಷ್ಟ ಬೇಡ, ಒಂದು ಗೆರೆ ಹಾಕೋಣ, ಗೆರೆಯ ಒಳಗೆ ಬಂದವರಿಗೆಲ್ಲ ಕೊಡೋಣ ಎನ್ನುವುದೇ ಇದರ ಹಿಂದಿನ ಯೋಚನೆ. ಗೆರೆ ಅಂದ ಮೇಲೆ ಅದರ ಎರಡೂ ಕಡೆ ಜನ ಇರುತ್ತಾರಲ್ವಾ. ನನಗೆ ಇದರಲ್ಲಿ ಕಾಣುವುದು ಬೇರೆಯದೇ. ಇವತ್ತಿನ ಚೀನಾದಲ್ಲಿ ಕೆಲಸ ಅಂದರೆ ಬರೀ ಸಂಬಳ ಅಲ್ಲ. ನಿಮ್ಮ ಹೆಸರು ಯಾವ ರಿಜಿಸ್ಟರಿನಲ್ಲಿದೆ ಎನ್ನುವುದು. ಬದುಕಿದ್ದಾಗ ನಿಮ್ಮ ಅಂತಸ್ತನ್ನೂ ಸತ್ತಾಗ ನಿಮ್ಮ ಬೆಲೆಯನ್ನೂ ಆ ರಿಜಿಸ್ಟರೇ ಹೇಳುತ್ತದೆ. ಅಲ್ಲಿನ ಜನಕ್ಕೆ ಇದು ಚೆನ್ನಾಗಿ ಗೊತ್ತು. ಅವರ ಆಸೆ, ಓಟ, ಸುಸ್ತು, ಜೋಕು ಎಲ್ಲ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಪುಣ್ಯದ ಫಲ

996 ಎನ್ನುವ ಸಂಖ್ಯೆ ನಮ್ಮ ಐಟಿ ಮಂದಿಗೂ ಹೊಸದಲ್ಲ. ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರಲ್ಲಿ ಹೇಳಿದಾಗ ಎದ್ದ ಗಲಾಟೆಯಲ್ಲಿ ಚೀನಾದ ಹೆಸರು ಮತ್ತೆ ಮತ್ತೆ ಬಂತು. ಆಮೇಲೆ ಅವರೇ ಈ 996ರ ಮಾತನ್ನೂ ತೆಗೆದರು. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ. ಒಟ್ಟು 72 ಗಂಟೆ.

ಇದು ಚೀನಾದ ಕಾನೂನು ಎಂದು ನಮ್ಮಲ್ಲಿ ಹಲವರು ತಿಳಿದುಕೊಂಡಿದ್ದಾರೆ. ಅಸಲಿಗೆ ಉಲ್ಟಾ. ಅಲ್ಲಿನ ಕಾರ್ಮಿಕ ಕಾಯ್ದೆ 1995ರಿಂದ ಜಾರಿಯಲ್ಲಿದೆ. ದಿನಕ್ಕೆ 8 ಗಂಟೆ, ವಾರಕ್ಕೆ ಸರಾಸರಿ 44 ಗಂಟೆ, ಓವರ್‌ಟೈಮ್ ತಿಂಗಳಿಗೆ 36 ಗಂಟೆ ಮೀರುವಂತಿಲ್ಲ. ಅಂದರೆ 996 ಮೊದಲಿನಿಂದಲೂ ಕಾನೂನುಬಾಹಿರ. 2019ರ ಮಾರ್ಚಿನಲ್ಲಿ ಸಾಫ್ಟ್‌ವೇರ್ ಹುಡುಗರು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ '996.ಐಸಿಯು' ಎಂಬ ಪುಟ ತೆರೆದರು. 996 ಮಾಡಿ, ಐಸಿಯು ಸೇರಿ ಎನ್ನುವುದು ಆ ಹೆಸರಿನ ತಮಾಷೆ. ಮರುತಿಂಗಳೇ ಆನ್‌ಲೈನ್ ವ್ಯಾಪಾರದ ದೊಡ್ಡ ಕಂಪನಿ ಅಲಿಬಾಬಾದ ಜ್ಯಾಕ್ ಮಾ, 996 ಮಾಡಲು ಸಿಗುವುದೇ ಒಂದು 'ಫೂಬಾವ್' ಎಂದರು. ಫೂಬಾವ್ ಬೌದ್ಧರ ಮಾತು. ನಮ್ಮಲ್ಲಿ ಪುಣ್ಯದ ಫಲ ಅಂತೀವಲ್ಲ, ಅದು. ಅವತ್ತಿನಿಂದ ಆ ಪದ ಚೀನಾದಲ್ಲಿ ಬೈಗುಳವಾಗಿ ಹೋಯಿತು. ಭಾನುವಾರ ಬಾಸ್ ಕರೆ ಬಂದರೆ ಬಂತಪ್ಪ ಫೂಬಾವ್ ಅನ್ನುತ್ತಾರೆ.

2021ರ ಆಗಸ್ಟಿನಲ್ಲಿ ಅಲ್ಲಿನ ಸುಪ್ರೀಂ ಪೀಪಲ್ಸ್ ಕೋರ್ಟ್ ಮತ್ತು ಕಾರ್ಮಿಕ ಇಲಾಖೆ ಸೇರಿ ಹತ್ತು ಪ್ರಕರಣ ಪ್ರಕಟಿಸಿ, 996 ಕಾನೂನಿಗೆ ವಿರುದ್ಧ ಎಂದು ಸ್ಪಷ್ಟವಾಗಿ ಹೇಳಿದವು. ಅದರಲ್ಲಿ ಒಂದು, ಕೊರಿಯರ್ ಕಂಪನಿಯೊಂದರಲ್ಲಿ ಪ್ರೊಬೇಷನ್‌ನಲ್ಲಿದ್ದ ನೌಕರನದು. ಹೆಚ್ಚುವರಿ ಗಂಟೆ ದುಡಿಯಲ್ಲ ಎಂದಿದ್ದಕ್ಕೆ ಅವನ ಕೆಲಸ ಹೋಗಿತ್ತು. ಪರಿಹಾರ ಸಿಕ್ಕಿತು. ಆದರೆ ಕಾನೂನು ಇರುವುದಕ್ಕೂ ರಾತ್ರಿ ಎಂಟಕ್ಕೆ ಎದ್ದು ಮನೆಗೆ ಹೊರಡುವ ಧೈರ್ಯ ಬರುವುದಕ್ಕೂ ಬಹಳ ದೂರ. ಸ್ವತಂತ್ರ ಕಾರ್ಮಿಕ ಸಂಘ ಕಟ್ಟಲು ಅಲ್ಲಿ ಅವಕಾಶ ಇಲ್ಲ. ಇರುವುದು ಸರ್ಕಾರಿ ಸಂಘ ಒಂದೇ.

ದುಡಿದು ದುಡಿದೇ ಸಾಯುವುದಕ್ಕೆ ಚೀನೀ ಭಾಷೆಯಲ್ಲಿ 'ಗ್ವೊಲಾವ್‌ಸಿ' ಎನ್ನುತ್ತಾರೆ. ಜಪಾನಿನ 'ಕರೋಶಿ'ಯದೇ ಅಕ್ಷರಗಳು. ಜಪಾನಿನಲ್ಲಿ ಸಾವಿಗೆ ಮುಂಚಿನ ತಿಂಗಳುಗಳಲ್ಲಿ ಎಷ್ಟು ಗಂಟೆ ಹೆಚ್ಚುವರಿ ದುಡಿದಿದ್ದರು ಎಂದು ಎಣಿಸಿ ಪರಿಹಾರ ತೀರ್ಮಾನಿಸುವ ಪದ್ಧತಿ ಇದೆ. ಚೀನಾದ ಕಾನೂನಿನಲ್ಲಿ ಗ್ವೊಲಾವ್‌ಸಿ ಎಂಬ ಪದವೇ ಇಲ್ಲ. ಆರು ತಿಂಗಳು ನಿದ್ದೆಗೆಟ್ಟು ದುಡಿದಿದ್ದು ಲೆಕ್ಕಕ್ಕಿಲ್ಲ, ಕೊನೆಯ ಹೊತ್ತಿನಲ್ಲಿ ಎಲ್ಲಿದ್ದರು ಎನ್ನುವುದಷ್ಟೇ ಲೆಕ್ಕ. ಆಫೀಸಿನಲ್ಲಿ ಎದೆ ಹಿಡಿದುಕೊಂಡು ಬಿದ್ದರೆ ಒಂದು, ಎದೆನೋವು ಎಂದು ಮನೆಗೆ ಬಂದು ಮಲಗಿ ಏಳದಿದ್ದರೆ ಇನ್ನೊಂದು. ಹೈನಾನ್ ದ್ವೀಪದ ಒಬ್ಬ ಮೇಷ್ಟ್ರು ರಾತ್ರಿ ಮನೆಯಲ್ಲಿ ಪರೀಕ್ಷೆ ಪೇಪರ್ ತಿದ್ದಿ, ಮರುದಿನ ಬೆಳಗ್ಗೆ ಹೊತ್ತಿಗೆ ಇಲ್ಲವಾಗಿದ್ದರು. ಮನೆ ಕೆಲಸದ ಜಾಗ ಹೌದೋ ಅಲ್ಲವೋ ಎಂಬ ಜಗಳ ವರ್ಷಗಟ್ಟಲೆ ನಡೆದು ದೇಶದ ಅತ್ಯುನ್ನತ ಕೋರ್ಟಿನವರೆಗೆ ಹೋಯಿತು. ಅಲ್ಲಿ ತೀರ್ಪು ಮೇಷ್ಟ್ರ ಮನೆಯವರ ಪರ ಬಂತು. ವಾಟ್ಸಾಪಿನಂಥ ವೀಚಾಟ್‌ನಲ್ಲಿ ಮಧ್ಯರಾತ್ರಿಯೂ ಬಾಸ್‌ಗೆ ಉತ್ತರ ಕೊಡುವ ದೇಶದಲ್ಲಿ ಈ ಪ್ರಶ್ನೆ ದಿನಾ ಏಳುವಂಥದ್ದೇ.

ಡಾನ್‌ವೇ ಇದ್ದ ಕಾಲ

ಇಷ್ಟೆಲ್ಲ ಇದ್ದ ಮೇಲೆ ಎಲ್ಲರಿಗೂ ಬೇಕಾದದ್ದು ಏನು? 'ಕಬ್ಬಿಣದ ಅನ್ನದ ಬಟ್ಟಲು'. ಚೀನೀ ಭಾಷೆಯಲ್ಲಿ ತಿಯೆ ಫಾನ್‌ವಾನ್. ಬಿದ್ದರೂ ಒಡೆಯದ ಬಟ್ಟಲು ಅಂದರೆ ಸರ್ಕಾರಿ ನೌಕರಿ.

ಮಾವೋ ಕಾಲದ ಪಟ್ಟಣಗಳಲ್ಲಿ ದುಡಿಯುವ ಪ್ರತಿಯೊಬ್ಬರೂ ಒಂದು 'ಡಾನ್‌ವೇ'ಗೆ ಸೇರಿದವರು. ಡಾನ್‌ವೇ ಅಂದರೆ ಕಾರ್ಖಾನೆ, ಶಾಲೆ, ಆಸ್ಪತ್ರೆ, ಕಚೇರಿ. ಮನೆ ಕೊಡುವುದು ಅದೇ, ಕ್ಯಾಂಟೀನು, ಮಕ್ಕಳ ಶಾಲೆ, ಔಷಧದ ಖರ್ಚು ಎಲ್ಲ ಅದೇ. ಮದುವೆಯಾಗಬೇಕಾದರೂ ಡಾನ್‌ವೇ ಪತ್ರ ಬೇಕಿತ್ತು. ಅಪ್ಪ ನಿವೃತ್ತನಾದರೆ ಆ ಜಾಗಕ್ಕೆ ಮಗ ಅಥವಾ ಮಗಳು ಹೋಗಬಹುದಿತ್ತು. ನಮ್ಮಲ್ಲಿ ಅನುಕಂಪದ ನೌಕರಿ ಇದೆಯಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಇಲ್ಲಿ ಅಪ್ಪ ಸಾಯಬೇಕು, ಅಲ್ಲಿ ಮನೆಗೆ ಹೋದರೆ ಸಾಕಾಗಿತ್ತು. ಆ ಪದ್ಧತಿ 1986ರಲ್ಲಿ ನಿಂತಿತು.

ಸತ್ತಾಗಲೂ ಡಾನ್‌ವೇ ಬರುತ್ತಿತ್ತು. ಶ್ರದ್ಧಾಂಜಲಿ ಸಭೆ ಏರ್ಪಡಿಸಿ, ಅಲ್ಲಿನ ಮುಖ್ಯಸ್ಥರು ಸತ್ತವರ ಬದುಕಿನ ಬಗ್ಗೆ ಒಂದು ಬರಹ ಓದುತ್ತಿದ್ದರು. ಅದು ಸುಮ್ನೆ ಹೊಗಳಿಕೆಯಲ್ಲ, ಸಂಸ್ಥೆ ಕೊಡುವ ಕೊನೆಯ ಸರ್ಟಿಫಿಕೇಟು. ಯಾವ ವಿಶೇಷಣ ಹಾಕಬೇಕು ಎಂದು ಮನೆಯವರು ಹಟ ಹಿಡಿದು ಕೂರುವುದೂ ಇತ್ತು. ಮಾವೋ ನಡೆಸಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅವಮಾನಕ್ಕೊಳಗಾಗಿ ಸತ್ತ ಎಷ್ಟೋ ಜನರಿಗೆ 1970ರ ದಶಕದ ಕೊನೆಯಲ್ಲಿ ಇಂಥ ಸಭೆಗಳನ್ನು ತಡವಾಗಿ ಮಾಡಿ ಹೆಸರು ತೊಳೆದುಕೊಟ್ಟರು.

ಆಮೇಲೆ ಬಟ್ಟಲು ಒಡೆಯಿತು. 1990ರ ದಶಕದ ಕೊನೆಯಲ್ಲಿ ನಷ್ಟದ ಸರ್ಕಾರಿ ಕಾರ್ಖಾನೆಗಳನ್ನು ಮುಚ್ಚಿದರು, ಮಾರಿದರು. 1998ರಿಂದ 2003ರ ನಡುವೆ ಎರಡೂವರೆ ಕೋಟಿಗೂ ಜಾಸ್ತಿ ಜನ ಕೆಲಸ ಕಳೆದುಕೊಂಡರು. ಅದಕ್ಕೆ 'ಶಿಯಾಗಾಂಗ್' ಎಂದು ನಯವಾದ ಹೆಸರು ಕೊಟ್ಟರು. ಹುದ್ದೆಯಿಂದ ಕೆಳಗಿಳಿಯುವುದು ಎಂದರ್ಥ. ಹೆಚ್ಚು ಪೆಟ್ಟು ಬಿದ್ದಿದ್ದು ಈಶಾನ್ಯಕ್ಕೆ. ಶೆನ್ಯಾಂಗ್ ನಗರದ ತಿಯೆಶಿ ಒಂದು ಕಾಲಕ್ಕೆ ಇಡೀ ದೇಶಕ್ಕೆ ಯಂತ್ರ ಮಾಡಿಕೊಡುತ್ತಿದ್ದ ಪ್ರದೇಶ. ಅಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದ ಫಿಟ್ಟರುಗಳು ರಸ್ತೆ ಬದಿ ತರಕಾರಿ ಮಾರಲು ಕೂತರು. ದೇಶದ ಯಜಮಾನರು ನೀವೇ ಎಂದು ಹೇಳಿಸಿಕೊಂಡು ಬೆಳೆದ ಪೀಳಿಗೆ ಅದು.

ಆ ಮನೆಗಳಲ್ಲಿ ಬೆಳೆದ ಮಕ್ಕಳೇ ಇವತ್ತಿನ ಅಪ್ಪ ಅಮ್ಮಂದಿರು. ಮಗನಿಗೆ ಸ್ಟಾರ್ಟಪ್ ಬೇಡ, 'ಬಿಯಾನ್‌ಝಿ' ಸಿಗಲಿ ಎಂದು ಅವರು ಯಾಕೆ ಹಂಬಲಿಸುತ್ತಾರೆ ಎಂದು ಇನ್ನೊಮ್ಮೆ ವಿವರಿಸಬೇಕಾಗಿಲ್ಲ. ಬಿಯಾನ್‌ಝಿ ಅಂದರೆ ಸರ್ಕಾರ ಮಂಜೂರು ಮಾಡಿದ ಪರ್ಮನೆಂಟ್ ಪೋಸ್ಟ್. 'ಬ್ರಹ್ಮಾಂಡದ ಕೊನೆಯ ನಿಲ್ದಾಣ ಬಿಯಾನ್‌ಝಿ' ಎಂದು ಹುಡುಗರು ನಗೆಯಾಡುತ್ತಾರೆ. ಎಷ್ಟು ಓದಿದರೂ ಎಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಬರಬೇಕು ಅಂತ. 2025ನೇ ಸಾಲಿನ ರಾಷ್ಟ್ರೀಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇದ್ದ ಹುದ್ದೆ 39,700. ಅರ್ಜಿ ಹಾಕಿ ಅರ್ಹರಾದವರು 34 ಲಕ್ಷ. ಒಂದೇ ಕಚೇರಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಬಿಯಾನ್‌ಝಿ ಇದ್ದು ಇನ್ನೊಬ್ಬರು ಗುತ್ತಿಗೆಯವರಾಗಿದ್ದರೆ, ಮದುವೆ ಮಾರುಕಟ್ಟೆಯಲ್ಲಿ ಇಬ್ಬರೂ ಬೇರೆ ಬೇರೆ ಜಾತಿ. ಗುತ್ತಿಗೆ ನೌಕರಿ ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೊಂದು ವಯಸ್ಸಿನ ಗೇಟೂ ಇತ್ತು: 35. ದಶಕಗಳ ಕಾಲ ಸರ್ಕಾರಿ ಪರೀಕ್ಷೆಗೆ ಅದೇ ಮಿತಿ. ಸರ್ಕಾರವೇ ಹೀಗೆ ಮಾಡಿದ ಮೇಲೆ ಖಾಸಗಿಯವರು ಬಿಡುತ್ತಾರಾ, ಅವರೂ ಜಾಹೀರಾತಿನಲ್ಲಿ '35ರೊಳಗಿನವರು' ಎಂದು ಹಾಕತೊಡಗಿದರು. ಈಚೆಗೆ ಸರ್ಕಾರಿ ಪರೀಕ್ಷೆಯ ಮಿತಿಯನ್ನು 38ಕ್ಕೆ ಏರಿಸಿದ್ದಾರೆ. ಇನ್ನೊಂದು ಕಡೆ, 2025ರ ಜನವರಿಯಿಂದ ನಿವೃತ್ತಿ ವಯಸ್ಸನ್ನು ಹಂತಹಂತವಾಗಿ ಏರಿಸುತ್ತಿದ್ದಾರೆ. ಗಂಡಸರಿಗೆ 60ರಿಂದ 63, ಕಚೇರಿ ಕೆಲಸದ ಹೆಂಗಸರಿಗೆ 55ರಿಂದ 58, ಕಾರ್ಖಾನೆ ಹೆಂಗಸರಿಗೆ 50ರಿಂದ 55. ಕೆಲಸಕ್ಕೆ ತೆಗೆದುಕೊಳ್ಳಲು 35ಕ್ಕೇ ಮುದುಕರು, ಪಿಂಚಣಿ ಕೊಡಲು 60ಕ್ಕೂ ಇನ್ನೂ ಹುಡುಗರು. ನಡುವಿನ ವರ್ಷಗಳಲ್ಲಿ ಏನು ತಿನ್ನೋಣ ಎಂದು ಜನ ಕೇಳುತ್ತಿದ್ದಾರೆ.

ನಿಲುವಂಗಿ

2023ರ ಜೂನ್‌ನಲ್ಲಿ ಪಟ್ಟಣಗಳ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇ. 21.3 ಮುಟ್ಟಿತು. ಆಗಸ್ಟಿನಲ್ಲಿ ಸರ್ಕಾರ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ಕೆಲವು ತಿಂಗಳ ನಂತರ ಓದುತ್ತಿರುವವರನ್ನು ಬಿಟ್ಟು ಎಣಿಸುವ ಹೊಸ ಲೆಕ್ಕ ಬಂತು. ಆ ವರ್ಷ ಕಾಲೇಜಿನಿಂದ ಹೊರಬಂದವರು ಒಂದು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು.

ಆಗಲೇ ಹುಡುಗ ಹುಡುಗಿಯರು ನೂರು ವರ್ಷ ಹಳೆಯ ಒಂದು ಪಾತ್ರವನ್ನು ಎಬ್ಬಿಸಿ ತಂದರು. ಲೂ ಶೂನ್ ಎಂಬ ಲೇಖಕ 1919ರಲ್ಲಿ ಪ್ರಕಟಿಸಿದ ಕಥೆಯ ಕುಂಗ್ ಯೀಜಿ. ಚೀನಾದಲ್ಲಿ ಶಾಲೆಗೆ ಹೋದವರೆಲ್ಲ ಪಠ್ಯದಲ್ಲಿ ಓದಿರುವ ಕಥೆ. ಊರಿನ ಹೆಂಡದಂಗಡಿಯಲ್ಲಿ ಮೋಟು ಅಂಗಿಯ ಕೂಲಿಗಳು ನಿಂತೇ ಕುಡಿಯುತ್ತಾರೆ. ಉದ್ದ ನಿಲುವಂಗಿಯ ದೊಡ್ಡವರು ಒಳಗೆ ಕೂತು ಕುಡಿಯುತ್ತಾರೆ. ನಿಲುವಂಗಿ ತೊಟ್ಟೂ ನಿಂತು ಕುಡಿಯುವವನು ಇವನೊಬ್ಬನೇ. ಪರೀಕ್ಷೆ ಪಾಸಾಗಲಿಲ್ಲ, ಮೈಬಗ್ಗಿಸಿ ದುಡಿಯಲು ಬರುವುದಿಲ್ಲ, ಕೊಳಕಾದ ನಿಲುವಂಗಿ ಕಳಚಲು ಮನಸ್ಸಿಲ್ಲ. 'ಡಿಗ್ರಿಯೇ ನನ್ನ ಕಳಚಲಾಗದ ನಿಲುವಂಗಿ' ಎಂದು ಕೆಲಸವಿಲ್ಲದ ಪದವೀಧರರು ಬರೆದುಕೊಳ್ಳತೊಡಗಿದರು. ನಿಲುವಂಗಿ ಕಳಚಿ, ಸಿಕ್ಕ ಕೆಲಸ ಮಾಡಿ ಎಂದು ಸರ್ಕಾರಿ ಟಿವಿ ಬುದ್ಧಿ ಹೇಳಿದ್ದೇ ತಪ್ಪಾಯಿತು. ಜನ ಇನ್ನೂ ಕೆರಳಿದರು. ಇಪ್ಪತ್ತು ವರ್ಷ ಆ ಅಂಗಿ ತೊಡಿಸಲು ಅಪ್ಪ ಅಮ್ಮ ಸಾಲ ಮಾಡಿದ್ದಾರೆ, ಈಗ ಬಿಚ್ಚು ಅಂದರೆ?

ಇಲ್ಲಿ ಒಂದು ಹಳೆಯ ಏಣಿಯ ನೆರಳೂ ಇದೆ. ಪಂಡಿತ, ರೈತ, ಕುಶಲಕರ್ಮಿ, ವ್ಯಾಪಾರಿ. ಸಮಾಜವನ್ನು ಹೀಗೆ ನಾಲ್ಕಾಗಿ ಹೇಳುವುದು ಅಲ್ಲಿ ಬಹಳ ಹಳೆಯ ರೂಢಿ. ಪಂಡಿತ ಮೇಲೆ ಇದ್ದಿದ್ದು ಜ್ಞಾನಕ್ಕಲ್ಲ, ಪರೀಕ್ಷೆ ಬರೆದು ಅಧಿಕಾರಿಯಾಗಬಹುದು ಎಂಬುದಕ್ಕೆ. ಆ ರಾಜಪರೀಕ್ಷೆಯನ್ನು 1905ರಲ್ಲಿ ರದ್ದು ಮಾಡಿದರು. ಮನಸ್ಸಿನಿಂದ ಅದು ರದ್ದಾಗಿಲ್ಲ.

ಮಿಕ್ಕವರು ತಮ್ಮನ್ನು 'ನಿಯೂಮಾ' ಎಂದು ಕರೆದುಕೊಳ್ಳುತ್ತಾರೆ. ಅಕ್ಷರಶಃ ಎತ್ತು ಮತ್ತು ಕುದುರೆ, ನಮ್ಮ ಗಾಣದೆತ್ತು. ಎಸಿ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವರೂ ಹಾಗೇ ಹೇಳಿಕೊಳ್ಳುತ್ತಾರೆ. 2021ರಲ್ಲಿ ಹಬ್ಬಿದ 'ತಾಂಗ್‌ಪಿಂಗ್', ಅಂದರೆ ಸುಮ್ನೆ ಮಲಗಿಬಿಡುವುದು, ಇದೇ ಸುಸ್ತಿನಿಂದ ಹುಟ್ಟಿದ್ದು. ಆದರೆ ಅದರ ಬಗ್ಗೆ ಹೊರಗಿನವರು ಬರೆದಷ್ಟು ಜನ ನಿಜಕ್ಕೂ ಮಲಗಿಲ್ಲ ಎಂದು ನನ್ನ ಅನಿಸಿಕೆ. ಬೈದುಕೊಂಡೇ ಬೆಳಗ್ಗೆ ಮೆಟ್ರೋ ಹತ್ತುತ್ತಾರೆ.

ಎರಡು ಸಾವಿರ ಯುವಾನ್

2020ರ ಡಿಸೆಂಬರಿನಲ್ಲಿ ಬೀಜಿಂಗಿನಲ್ಲಿ ಊಟ ತಲುಪಿಸುತ್ತಿದ್ದ 43 ವರ್ಷದ ಸವಾರರೊಬ್ಬರು ಕೆಲಸದ ನಡುವೆಯೇ ಕುಸಿದು ಸತ್ತರು. 15ನೇ ಕಲಮು ಬರೆದಿದ್ದೇ ಇಂಥ ಸಾವಿಗೆ ಎನ್ನಬೇಕು. ಆದರೆ ಸವಾರರಿಗೂ ತನಗೂ ಕೆಲಸಗಾರ-ಮಾಲೀಕ ಸಂಬಂಧವೇ ಇಲ್ಲ, ಮಾನವೀಯತೆಯಿಂದ 2,000 ಯುವಾನ್ ಕೊಡುತ್ತೇನೆ ಎಂದಿತು ಅವರು ದುಡಿಯುತ್ತಿದ್ದ ಎಲೆಮಾ ಎಂಬ ಆ್ಯಪ್ ಕಂಪನಿ. ಉಳಿದದ್ದು ವಿಮೆಯಿಂದ ಬರಬೇಕು. ಆ ವಿಮೆಯಲ್ಲಿ ಇಂಥ ಸಾವಿಗೆ ಇದ್ದದ್ದು 30,000 ಯುವಾನ್. ದಿನಾ ಆ ಸವಾರರ ದುಡಿಮೆಯಿಂದಲೇ ಮುರಿದುಕೊಂಡ ಹಣದ ವಿಮೆ ಅದು. ಜನ ಉಗಿದ ಮೇಲೆ ಕಂಪನಿ 6 ಲಕ್ಷ ಯುವಾನ್ ಕೊಡುವುದಾಗಿ ಹೇಳಿತು.

ಲೆಕ್ಕ ನೋಡಿ. ಅದೇ ಎದೆ, ಅದೇ ನೋವು. ರಿಜಿಸ್ಟರಿನಲ್ಲಿ ಹೆಸರಿದ್ದರೆ ಆ ವರ್ಷದ ಲೆಕ್ಕದಲ್ಲಿ ಎಂಟು ಲಕ್ಷ ಯುವಾನ್ ದಾಟುವ ಮೊತ್ತ. ಇಲ್ಲದಿದ್ದರೆ ಎರಡು ಸಾವಿರ ಮತ್ತು ಅನುಕಂಪ. ಸವಾರರನ್ನು ಒಂದು ಕಂಪನಿಯಿಂದ ಇನ್ನೊಂದು ಗುತ್ತಿಗೆ ಕಂಪನಿಗೆ ದಾಟಿಸಿ, ಎಷ್ಟೋ ಕಡೆ ಅವರನ್ನೇ 'ಸ್ವಂತ ವ್ಯಾಪಾರಿ' ಎಂದು ನೋಂದಾಯಿಸಿಬಿಟ್ಟಿದ್ದರು. ಸ್ಕೂಟರ್ ಮೇಲೆ ಸಾರು ಚೆಲ್ಲದ ಹಾಗೆ ಓಡುವವರು ಕಾಗದದಲ್ಲಿ ಉದ್ಯಮಿಗಳು! 2022ರ ಜುಲೈನಿಂದ ಬೀಜಿಂಗ್, ಶಾಂಘೈ, ಗುವಾಂಗ್‌ಡಾಂಗ್ ಸೇರಿ ಏಳು ಪ್ರಾಂತ್ಯ-ನಗರಗಳಲ್ಲಿ ಆ್ಯಪ್ ಕೆಲಸಗಾರರಿಗೆ ಬೇರೆಯದೇ ಅಪಘಾತ ರಕ್ಷಣೆ ಪ್ರಯೋಗಕ್ಕೆ ಬಂತು. ಒಂದೊಂದು ಆರ್ಡರಿಗೂ ಇಂತಿಷ್ಟು ಎಂದು ಕಂಪನಿಯೇ ಕಟ್ಟಬೇಕು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಗಿಗ್ ಕೆಲಸಗಾರರಿಗೆ ಕಾನೂನು ಮಾಡಿದ ಕರ್ನಾಟಕದವರು ಇದನ್ನು ಗಮನಿಸಬೇಕು.

ಆ ಸವಾರರು ಸತ್ತ 2020ರ ಡಿಸೆಂಬರಿನಲ್ಲೇ ಪಶ್ಚಿಮದ ಉರುಂಚಿ ನಗರದಲ್ಲಿ ಪಿಂಡುವೊಡುವೊ ಎಂಬ ಆನ್‌ಲೈನ್ ಮಾರಾಟ ಕಂಪನಿಯ 22 ವರ್ಷದ ನೌಕರಿಯೊಬ್ಬಳು ಮಧ್ಯರಾತ್ರಿ ದಾಟಿದ ಮೇಲೆ ಮನೆಗೆ ನಡೆದು ಹೋಗುವಾಗ ಬಿದ್ದು ಸತ್ತಳು. ಕೆಲವು ದಿನಗಳಲ್ಲಿ ಕಂಪನಿಯ ಅಧಿಕೃತ ಖಾತೆಯಲ್ಲಿ ಒಂದು ಮಾತು ಕಾಣಿಸಿಕೊಂಡಿತು: ಕೆಳಗಿನ ಜನರನ್ನು ನೋಡಿ, ಅವರಲ್ಲಿ ಜೀವ ಕೊಟ್ಟು ದುಡ್ಡು ತೆಗೆದುಕೊಳ್ಳದವರು ಯಾರಿದ್ದಾರೆ ಎಂಬರ್ಥದ್ದು. ಬೇಗನೆ ಅಳಿಸಿದರು. ಮೊದಲು ಸುಳ್ಳು ಎಂದರು, ಆಮೇಲೆ ಖಾತೆ ನೋಡಿಕೊಳ್ಳುವ ಹೊರಗಿನವರ ತಪ್ಪು ಎಂದರು. ಯಾರು ಬರೆದಿದ್ದು ಎನ್ನುವುದಕ್ಕಿಂತ, ಓದಿದವರಿಗೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ ಎನ್ನುವುದೇ ದೊಡ್ಡ ಮಾತು.

ಒಂದೇ ಜೀವ, ಬೇರೆ ಬೆಲೆ

ಇಲ್ಲಿಯವರೆಗೆ ಕೆಲಸದ ರಿಜಿಸ್ಟರು. ಅದಕ್ಕೂ ಮುಂಚೆ, ಹುಟ್ಟುವಾಗಲೇ ಬರೆಯುವ ಇನ್ನೊಂದು ರಿಜಿಸ್ಟರಿದೆ. ಅದು 'ಹುಕೋ'. 1958ರ ಕಾನೂನು ಇಡೀ ದೇಶವನ್ನು ಹಳ್ಳಿಯವರು, ಪಟ್ಟಣದವರು ಎಂದು ಎರಡು ಮಾಡಿತು. ಹಳ್ಳಿ ಹುಕೋ ಇದ್ದವರು ಪಟ್ಟಣದಲ್ಲಿ ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತರೂ ಹಳ್ಳಿಯವರೇ. ಹೀಗೆ ಊರು ಬಿಟ್ಟೋ ಊರ ಹತ್ತಿರವೇ ಬೇಸಾಯ ಬಿಟ್ಟೋ ದುಡಿಯುವವರು ಇವತ್ತು ಸುಮಾರು 30 ಕೋಟಿ. ನಿಯಮಗಳು ಈಚೆಗೆ ಬಹಳ ಸಡಿಲವಾಗಿವೆ, ಆದರೆ ಬೀಜಿಂಗ್, ಶಾಂಘೈನಲ್ಲಿ ಅಲ್ಲ.

2005ರ ಡಿಸೆಂಬರಿನಲ್ಲಿ ಚೊಂಗ್‌ಚಿಂಗ್‌ನಲ್ಲಿ ಒಂದೇ ಗಾಡಿಯಲ್ಲಿ ಶಾಲೆಗೆ ಹೊರಟಿದ್ದ ಮೂವರು ಹುಡುಗಿಯರು ಒಂದೇ ಅಪಘಾತದಲ್ಲಿ ಸತ್ತರು. ಒಂದೇ ಶಾಲೆ, ಒಂದೇ ರಸ್ತೆ. ಇಬ್ಬರ ಮನೆಗೆ ತಲಾ 2 ಲಕ್ಷ ಯುವಾನ್‌ಗೂ ಹೆಚ್ಚು ಪರಿಹಾರ ಬಂತು. ಮೂರನೆಯವಳ ಹುಕೋ ಹಳ್ಳಿಯದು. ಅವಳ ಮನೆಗೆ ಅದರ ಅರ್ಧವೂ ಇಲ್ಲ. ಯಾರೂ ಕಾನೂನು ಮುರಿದಿರಲಿಲ್ಲ. 2003ರ ಕೋರ್ಟ್ ನಿಯಮದ ಪ್ರಕಾರ ಸಾವಿನ ಪರಿಹಾರ ಅಂದರೆ 20 ವರ್ಷದ ಆದಾಯ. ಪಟ್ಟಣದವರಿಗೆ ಪಟ್ಟಣದ ಸರಾಸರಿ, ಹಳ್ಳಿಯವರಿಗೆ ಹಳ್ಳಿಯ ಸರಾಸರಿ. 'ಒಂದೇ ಜೀವ, ಬೇರೆ ಬೆಲೆ' ಎಂಬ ಮಾತು ಅವತ್ತು ಮನೆಮಾತಾಯಿತು. ಎಲ್ಲರಿಗೂ ಪಟ್ಟಣದ ಲೆಕ್ಕವೇ ಎಂದು ನಿಯಮ ಬದಲಾಗಿದ್ದು 2022ರ ಮೇ 1ರಿಂದ. ಆ ಹುಡುಗಿ ಬದುಕಿದ್ದರೆ ಆ ಹೊತ್ತಿಗೆ ಅವಳ ಮಗುವೇ ಶಾಲೆಗೆ ಹೋಗುವಷ್ಟಾಗಿರುತ್ತಿತ್ತೋ ಏನೋ.

ನಿಯಮ ಬದಲಾಗುವ ನಾಲ್ಕು ತಿಂಗಳ ಮುಂಚೆ, ಕೋವಿಡ್ ಕಾಲದ ಬೀಜಿಂಗಿನಲ್ಲಿ ಇನ್ನೊಂದು ದಾಖಲೆ ಹೊರಬಿತ್ತು. ಸೋಂಕು ತಗುಲಿದವರು ಎಲ್ಲೆಲ್ಲಿ ಓಡಾಡಿದರು ಎಂಬ ಪಟ್ಟಿಯನ್ನು ಆಗ ಸರ್ಕಾರ ಪ್ರಕಟಿಸುತ್ತಿತ್ತು. ಅದರಲ್ಲಿ ಒಬ್ಬ ಕೂಲಿ ಕೆಲಸದವರ ಪಟ್ಟಿಯಲ್ಲಿ ಇದ್ದದ್ದು ಹೆಚ್ಚಾಗಿ ಕೆಲಸದ ಜಾಗಗಳೇ. ರಾತ್ರಿ ಹನ್ನೆರಡಕ್ಕೆ ಒಂದು ಕಟ್ಟಡ, ಎರಡಕ್ಕೆ ಇನ್ನೊಂದು, ನಾಲ್ಕಕ್ಕೆ ಮತ್ತೊಂದು. ಮರಳು, ಸಿಮೆಂಟು, ಒಡೆದ ಗೋಡೆಯ ಕಸ ಹೊರುವ ಕೆಲಸ. ಕಾಣೆಯಾದ ಮಗನನ್ನು ಹುಡುಕಿಕೊಂಡು ಬಂದವರು, ಹುಡುಕುವ ಖರ್ಚಿಗೆ ದುಡಿಯುತ್ತಿದ್ದರು. ದಿನಾಂಕ, ಗಂಟೆ, ವಿಳಾಸ ಬಿಟ್ಟರೆ ಆ ಪಟ್ಟಿಯಲ್ಲಿ ಒಂದು ಪದವೂ ಇರಲಿಲ್ಲ. ಅದನ್ನೇ ಓದಿ ದೇಶ ಅತ್ತಿತು.

ಮನೆಯಲ್ಲೇ ಇರುವ ಶವಪೆಟ್ಟಿಗೆ

ಇವರೆಲ್ಲ ಮುದುಕರಾದ ಮೇಲೆ ಊರಿಗೆ ವಾಪಸ್. ಹಳ್ಳಿಯ ವೃದ್ಧರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಪಿಂಚಣಿ 2025ರಲ್ಲಿ ತಿಂಗಳಿಗೆ 143 ಯುವಾನ್. ಸುಮಾರು 1,700 ರೂಪಾಯಿ. ಪ್ರಾಂತ್ಯಗಳು ಅದರ ಮೇಲೆ ಸ್ವಲ್ಪ ಸೇರಿಸುತ್ತವೆ. ಪಟ್ಟಣದ ಕಂಪನಿಯಿಂದ ನಿವೃತ್ತರಾದವರಿಗೆ ಸರಾಸರಿ ಮೂರು ಸಾವಿರ ಯುವಾನ್‌ಗೂ ಜಾಸ್ತಿ. ಎಪ್ಪತ್ತು ದಾಟಿದರೂ ಗದ್ದೆಯಲ್ಲಿ ಬಗ್ಗಿ ನಿಂತವರು ಯಾಕೆ ಕಾಣುತ್ತಾರೆ ಎಂದು ಕೇಳಬೇಕಾಗಿಲ್ಲ.

ಈ ವೃದ್ಧರು ತಮಗೆಂದು ಕೂಡಿಟ್ಟುಕೊಳ್ಳುವುದು ಒಂದನ್ನೇ. ಶವಪೆಟ್ಟಿಗೆ. ಅದನ್ನು ಹಾಗೆ ಕರೆಯುವುದಿಲ್ಲ, 'ಶೋಚಾಯ್' ಅನ್ನುತ್ತಾರೆ, ದೀರ್ಘಾಯುಸ್ಸಿನ ಮರ ಎಂದು. ಒಳ್ಳೆಯ ಮರ ನೋಡಿ, ಬಡಗಿಯನ್ನು ಕರೆಸಿ ಮಾಡಿಸಿ, ಮನೆಯ ಒಂದು ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಆಗಾಗ ಅರಗಿನ ಬಣ್ಣ ಬಳಿಸುತ್ತಾರೆ. ಅದರಲ್ಲಿ ಭಯ ಇಲ್ಲ, ಬದಲಿಗೆ ಒಂದು ನೆಮ್ಮದಿ. ಬದುಕಿದ್ದಾಗ ಸಿಗದ ಗಟ್ಟಿ ಮನೆ ಸತ್ತ ಮೇಲಾದರೂ ಸಿಗುತ್ತದೆ ಎಂದು.

2018ರಲ್ಲಿ ಜಿಯಾಂಗ್‌ಶಿ ಪ್ರಾಂತ್ಯದ ಅಧಿಕಾರಿಗಳು ಮನೆಮನೆಗೆ ಹೋಗಿ ಈ ಪೆಟ್ಟಿಗೆಗಳನ್ನು ಹೊತ್ತೊಯ್ದು, ಜೆಸಿಬಿ ತಂದು ಪುಡಿ ಮಾಡಿದರು. ಭೂಮಿ ಉಳಿಸಬೇಕು, ಎಲ್ಲರೂ ಸುಡಬೇಕು ಎಂಬ ನೀತಿ. ತಮ್ಮ ಪೆಟ್ಟಿಗೆಯೊಳಗೆ ಮಲಗಿಕೊಂಡು ತೆಗೆದುಕೊಂಡು ಹೋಗಿ ನೋಡೋಣ ಎಂದ ಅಜ್ಜಂದಿರ ಚಿತ್ರ ಎಲ್ಲ ಕಡೆ ಹರಡಿತು. ಸರ್ಕಾರಿ ಪತ್ರಿಕೆಗಳೇ ಈ ಕ್ರೌರ್ಯವನ್ನು ಟೀಕಿಸಿದವು. ಹೆಣ ಸುಡುವುದು ಸಹಜವಾದ ನಮ್ಮಲ್ಲಿ ಹಲವರಿಗೆ ಇದರ ನೋವು ಸಲೀಸಾಗಿ ಅರ್ಥವಾಗದು. ಹೂಳುವವರ ಮನೆಯಲ್ಲಿ ಹುಟ್ಟಿದ ಲಿಂಗಾಯತರನ್ನೋ ಮುಸ್ಲಿಮರನ್ನೋ ಕೇಳಿದರೆ ಗೊತ್ತಾದೀತು.

ಸುಡುವ ನೀತಿಯ ಮೂಲ 1956ರ ಏಪ್ರಿಲ್‌ನಲ್ಲಿದೆ. ಮಾವೋ ಮತ್ತು ಇತರ ನಾಯಕರು ಸತ್ತ ಮೇಲೆ ನಮ್ಮನ್ನು ಸುಡಿ ಎಂದು ಸಹಿ ಹಾಕಿದರು. ಪ್ರಧಾನಿಯಾಗಿದ್ದ ಝೌ ಎನ್‌ಲೈ ಬೂದಿಯನ್ನು 1976ರಲ್ಲಿ ಆಕಾಶದಿಂದ ಚೆಲ್ಲಿದರು. ಮಾವೋ ನಂತರ ದೇಶ ನಡೆಸಿದ ಡೆಂಗ್ ಶಿಯಾವೊಪಿಂಗ್ ಬೂದಿ 1997ರಲ್ಲಿ ಸಮುದ್ರ ಸೇರಿತು. ಮೊದಲ ಸಹಿಯವರಲ್ಲೊಬ್ಬರಾದ ಮಾವೋ ಮಾತ್ರ ಇವತ್ತಿಗೂ ತಿಯಾನನ್‌ಮೆನ್ ಚೌಕದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾರೆ.

ಮಿಕ್ಕ ದೊಡ್ಡವರಿಗೆ ಬೀಜಿಂಗಿನ ಪಶ್ಚಿಮಕ್ಕೆ ಬಾಬಾವೋಶಾನ್ ಸ್ಮಶಾನ. ಅಲ್ಲಿ ಯಾರಿಗೆ ಜಾಗ, ಬೂದಿಯ ಕರಂಡಕ ಯಾವ ಕೋಣೆಯಲ್ಲಿ ಎನ್ನುವುದನ್ನು ಹುದ್ದೆಯ ದರ್ಜೆ ತೀರ್ಮಾನಿಸುತ್ತದೆ. ಹಿಂದೆ ಅದೇ ಜಾಗದಲ್ಲಿ ಅರಮನೆಯ ಖೋಜಾಗಳ ಗುಡಿ ಇತ್ತು. ಮುಪ್ಪಿನಲ್ಲಿ ಅವರು ಅಲ್ಲಿಗೆ ಬಂದು ಸೇರುತ್ತಿದ್ದರು. ಜೀವಮಾನವಿಡೀ ಸರ್ಕಾರಿ ಸೇವೆ ಮಾಡಿ, ಗೋರಿ ನೋಡಿಕೊಳ್ಳಲು ಮಕ್ಕಳಿಲ್ಲದವರು.

ಸಾಮಾನ್ಯರ ಪಾಡು ಬೇರೆ. ಶಾಂಘೈನಂಥ ಕಡೆ ಒಂದು ಚದರ ಮೀಟರಿನ ಗೋರಿ ಜಾಗಕ್ಕೆ ಫ್ಲ್ಯಾಟಿನ ಒಂದು ಚದರ ಮೀಟರಿಗಿಂತ ಜಾಸ್ತಿ ಕೊಡಬೇಕು. ನಿರ್ವಹಣೆಯ ಹಣ 20 ವರ್ಷಕ್ಕೆ ಕಟ್ಟಿದ್ದರೆ ಮುಗಿದ ಮೇಲೆ ಮತ್ತೆ ಕಟ್ಟಬೇಕು. ವಸತಿ ಜಾಗದ ಹಕ್ಕು 70 ವರ್ಷ. ಬುದ್ಧಿವಂತರು ಲೆಕ್ಕ ಹಾಕಿ, ಊರಾಚೆ ಅಗ್ಗದ ಫ್ಲ್ಯಾಟ್ ಕೊಂಡು ಅಪ್ಪ ಅಮ್ಮನ ಬೂದಿ ಅಲ್ಲಿಟ್ಟರು. ಕಿಟಕಿಗೆ ಯಾವಾಗಲೂ ಪರದೆ. ಪಕ್ಕದ ಮನೆಯವರಿಗೆ ರಾತ್ರಿ ನಿದ್ದೆ ಇಲ್ಲ. 'ಸಾಯಲೂ ಕೈಲಾಗದು' ಎನ್ನುವುದು ಚೀನಾದಲ್ಲಿ ಈಗ ಸಾಧಾರಣ ಮಾತು.

ಏಪ್ರಿಲ್ ಮೊದಲ ವಾರ ಚಿಂಗ್‌ಮಿಂಗ್ ಬರುತ್ತದೆ, ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ ಹಿರಿಯರ ಹಬ್ಬ. ಗೋರಿ ಗುಡಿಸಿ, ಕಾಗದದ ಮನೆ, ಕಾಗದದ ಕಾರು, ಕಾಗದದ ಮೊಬೈಲು ಸುಡುತ್ತಾರೆ. ಮೊಬೈಲಿನ ಜೊತೆ ಚಾರ್ಜರೂ ಇರುತ್ತದೆ. ಕೋಟಿ ಕೋಟಿ ಬೆಲೆಯ ಪಾತಾಳದ ನೋಟು ಸುಡುತ್ತಾರೆ. ಆ ಪಾತಾಳದ ಒಡೆಯ ಯೆನ್‌ಲುವೊ ಬೇರೆ ಯಾರೂ ಅಲ್ಲ, ಬೌದ್ಧರ ಜೊತೆ ಇಲ್ಲಿಂದ ಹೋದ ನಮ್ಮ ಯಮರಾಜ. ಹೋದವನು ಅಲ್ಲಿ ಅಪ್ಪಟ ಅಧಿಕಾರಿಯಾದ. ಹತ್ತು ಕಚೇರಿ, ಗುಮಾಸ್ತರು, ಹುಟ್ಟು ಸಾವಿನ ರಿಜಿಸ್ಟರು. ಒಂದೊಂದು ಊರಿಗೂ ಒಬ್ಬ ನಗರದೇವರು, ಸತ್ತ ಒಳ್ಳೆಯ ಅಧಿಕಾರಿಗಳಿಗೆ ಎಷ್ಟೋ ಸಲ ಆ ಪೋಸ್ಟು. 1369ರಲ್ಲಿ ಮಿಂಗ್ ವಂಶದ ಮೊದಲ ದೊರೆ ಊರಿನ ದರ್ಜೆಗೆ ತಕ್ಕಂತೆ ಈ ದೇವರುಗಳಿಗೂ ದರ್ಜೆ ನಿಗದಿ ಮಾಡಿದ.

2023ರಿಂದ ಬೀಜಿಂಗಿನ ಯೊಂಗ್‌ಹಗೊಂಗ್ ದೇವಸ್ಥಾನದ ಮುಂದೆ ಹುಡುಗ ಹುಡುಗಿಯರ ಸಾಲು ಉದ್ದವಾಗಿದೆ. ಕೆಲಸ, ಏಳಿಗೆ, ಊದುಬತ್ತಿ, ಈ ಮೂರೂ ಚೀನೀ ಭಾಷೆಯಲ್ಲಿ 'ಶಾಂಗ್' ಎಂದೇ ಶುರುವಾಗುತ್ತವೆ. ಮೊದಲೆರಡರ ನಡುವೆ ನಾವು ಊದುಬತ್ತಿಯನ್ನು ಆರಿಸಿಕೊಂಡಿದ್ದೇವೆ ಎಂದು ಅವರು ನಗುತ್ತಾರೆ. ಒಳಗೆ ಹೋಗಿ, ಮೂರು ಕಡ್ಡಿ ಹಚ್ಚಿ, ಹಣೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಕೇಳಿಕೊಳ್ಳುವುದು ಮಾತ್ರ ಹೆಚ್ಚಿನವರದೂ ಒಂದೇ. ಪರೀಕ್ಷೆ ಪಾಸಾಗಲಿ, ಬಿಯಾನ್‌ಝಿ ಸಿಗಲಿ.